ಹತ್ತನೆಯ ಮೊಟ್ಟೆ

ನದಿಯ ದಂಡೆಯಲ್ಲೊಂದು ಹಳೆಯ ಪ್ರಯೋಗಾಲಯ. ಅಲ್ಲಿ ಗುರುಪಾದಯ್ಯ ಮೇಷ್ಟ್ರು. ಅವರ ಬಳಿ ಕಲಿಯುತ್ತಿದ್ದವಳು ಶಶಿರೇಖಾ.

ಅವಳ ಕೆಲಸ ಇಷ್ಟು. ಬೆಳೆದ ಹುಂಜದ ರಕ್ತದ ಬಿಳಿಕಣಗಳನ್ನು ಮೊಟ್ಟೆಯೊಳಗಿನ ಭ್ರೂಣದ ರಕ್ತನಾಳಕ್ಕೆ ಸೂಜಿಯಿಂದ ಬಿಡುವುದು.

ಎಳೆಯ ಭ್ರೂಣಕ್ಕೆ ಅವನ್ನು ತಡೆಯುವ ಶಕ್ತಿ ಇರುವುದಿಲ್ಲ. ಬಂದ ಕಣಗಳೇ ಭ್ರೂಣವನ್ನು ಪರಕೀಯವೆಂದು ಬಗೆದು ಅದರ ಮೇಲೆ ಬೀಳುತ್ತವೆ. ಅಂದರೆ, ನೆಂಟನಾಗಿ ಬಂದವನು ಮನೆಯವರನ್ನೇ ಹೊಡೆದ ಹಾಗೆ. ಆಗ ಭ್ರೂಣದ ಗುಲ್ಮ, ಎಂದರೆ ರಕ್ತ ಸೋಸುವ ಪುಟ್ಟ ಅಂಗ, ಊದಿಕೊಳ್ಳುತ್ತದೆ. ಸಾಸಿವೆಯಷ್ಟಿರಬೇಕಾದದ್ದು ಹೆಸರುಕಾಳಿನಷ್ಟಾಗುತ್ತದೆ.

ಸೂಜಿ ಹಾಕಿದ ಆರನೆಯ ದಿನ ಅವಳು ಗುಲ್ಮಗಳನ್ನು ತೂಗಿ, ತೂಕ ಬರೆದ ಪುಸ್ತಕ ತಂದು ಮೇಷ್ಟ್ರ ಮುಂದಿಟ್ಟಳು.

“ಸರ್, ನಾನು ಆಸ್ಪತ್ರೆಗೆ ಹೋಗಲ್ಲ.”

ಅವಳ ಅಕ್ಕನಿಗೆ ರಕ್ತದ ಕಾಯಿಲೆ. ತಂಗಿಯ ಅಸ್ಥಿಮಜ್ಜೆ, ಎಂದರೆ ರಕ್ತಕಣ ಹುಟ್ಟುವ ಮೂಳೆಯ ತಿರುಳು, ಕೊಟ್ಟರೆ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ಅಂದು ಸಂಜೆಯೊಳಗೆ ಅವಳು ಒಪ್ಪಿಗೆಗೆ ಸಹಿ ಹಾಕಬೇಕಿತ್ತು.

“ನೋಡಿ, ಎಲ್ಲವೂ ಊದಿವೆ. ನನ್ನ ಮಜ್ಜೆಯೂ ಅಕ್ಕನ ಮೈಯಲ್ಲಿ ಹೀಗೇ ಮಾಡಿದರೆ? ನಾನೇ ಅವಳನ್ನ ಕೊಂದ ಹಾಗಲ್ವಾ ಸರ್?”

ಮೇಷ್ಟ್ರು ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದರು.

“ಸೂಜಿ ಹಾಕಿದ್ದು ಹತ್ತಕ್ಕೆ. ಇಲ್ಲಿ ಒಂಬತ್ತೇ ಇದೆಯಲ್ಲ?”

“ಹತ್ತನೆಯದು ಊದಲೇ ಇಲ್ಲ. ಸೂಜಿ ತಪ್ಪಿರಬೇಕು. ತೂಗಿದೆ, ಆದರೆ ಬರೆಯಲಿಲ್ಲ.”

“ತಪ್ಪಿದ್ದನ್ನ ನೋಡಿದೆಯಾ?”

ಅವಳು ನೆನಪು ಮಾಡಿಕೊಂಡಳು. “ಇಲ್ಲ. ನಾಳದೊಳಗೆ ಸರಿಯಾಗೇ ಹೋಗಿತ್ತು.”

“ಪಾಪ, ಸೂಜಿಗೆ ಬಾಯಿಲ್ಲ. ಅದರ ಮೇಲೇ ಹೊರಿಸು. ಚಿಪ್ಪು ಎಲ್ಲಿ?”

“ಕಸದ ಬಕೆಟ್‌ನಲ್ಲಿ.”

“ತಗೊಂಡು ಬಾ.”

ಅವಳು ಹುಡುಕಿ ತಂದಳು. ಮೇಷ್ಟ್ರು ಚಿಪ್ಪನ್ನು ತಲೆಕೆಳಗು ಮಾಡಿ ಹಿಡಿದರು. ಚೂಪು ತುದಿಯಲ್ಲಿ ಕೆಂಪು ಪೆನ್ಸಿಲ್ಲಿನ ಒಂದು ಚುಕ್ಕೆ ಇತ್ತು. ತಟ್ಟೆಯಲ್ಲಿ ಮೊಟ್ಟೆಗಳು ಚೂಪು ತುದಿ ಕೆಳಗಾಗಿ ಕೂರುವುದರಿಂದ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಪ್ರತಿ ತಟ್ಟೆಗೂ ಒಂದು ಮೊಟ್ಟೆ ನಾನು ಸೇರಿಸ್ತೀನಿ. ಮೊದಲೇ ಹೇಳಲ್ಲ. ಹೇಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ. ಇದು ಆ ಹುಂಜದ ತಳಿಯದೇ ಮೊಟ್ಟೆ, ಉಳಿದ ಒಂಬತ್ತು ಬೇರೆ ತಳಿಯವು.”

ಎಷ್ಟೋ ತಲೆಮಾರಿನಿಂದ ಒಂದೇ ಬಳಗದೊಳಗೆ ಬೆಳೆಸಿದ ತಳಿ ಅದು. ಹುಂಜದ ಕಣಗಳಿಗೆ ಅಲ್ಲಿ ಪರಕೀಯರು ಯಾರೂ ಸಿಕ್ಕಿರಲಿಲ್ಲ.

ಶಶಿರೇಖಾ ಚಿಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಳು.

“ನಿಮ್ಮ ಭಾವನೂ ಮಜ್ಜೆ ಕೊಡ್ತೀನಿ ಅಂದಿದ್ದರಲ್ಲ? ಅವರನ್ನ ಬಿಟ್ಟು ಡಾಕ್ಟರು ನಿನ್ನನ್ನೇ ಯಾಕೆ ಕರೆದರು?” ಮೇಷ್ಟ್ರು ಕೇಳಿದರು.

“ಭಾವಂದು ಹೊಂದಲಿಲ್ಲ. ನಂದು ಚೆನ್ನಾಗಿ ಹೊಂದುತ್ತೆ ಅಂದರು.” ತಾನೇ ಆಡಿದ ಮಾತನ್ನು ಅವಳು ಆಗಷ್ಟೇ ಕೇಳಿಸಿಕೊಂಡಂತಿತ್ತು.

“ಆದರೆ ಸರ್, ಇದು ಒಂದೇ ಮೊಟ್ಟೆ. ಅಕ್ಕನೂ ನಾನೂ ಒಂದೇ ತಳಿಯ ಕೋಳಿಗಳಲ್ಲ. ಖಾತ್ರಿ ಏನು?”

“ಖಾತ್ರಿ ನನ್ನ ಹತ್ರ ಇಲ್ಲ, ತಾಯಿ. ಡಾಕ್ಟರ ಹತ್ರಾನೂ ಇರಲ್ಲ.”

ಸೇತುವೆಯ ಆಚೆ ಆಸ್ಪತ್ರೆ ಕಡೆಗೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು. ಅವಳು ಚೀಲವನ್ನು ಹೆಗಲಿಗೇರಿಸಿದಳು.

ಮೇಷ್ಟ್ರು ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

“ಮೊದಲು ಹತ್ತನೆಯದನ್ನ ಬರೆ. ಆಮೇಲೆ ಓಡು.”