ಚಕ್ಕುಬಂದಿಯಲ್ಲಿ ಇಲ್ಲದ ದಾರಿ

ನಮ್ಮೂರ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ಒಂದು ಹುಣಸೆ ಮರ ಇತ್ತು. ಅದರ ಕೆಳಗೆ ಪಂಚಾಕ್ಷರಯ್ಯ ಎಂಬ ಪತ್ರ ಬರಹಗಾರರು ಕೂರುತ್ತಿದ್ದರು. ಮುಂದೆ ಒಂದು ಇಳಿಜಾರು ಡೆಸ್ಕು, ಪಕ್ಕದಲ್ಲಿ ಮಸಿ ಬುಡ್ಡಿ, ಮರಕ್ಕೆ ತಗುಲಿಹಾಕಿದ ಕಪ್ಪು ಕೊಡೆ. ಮನೆ, ಅಂಗಡಿ, ಗೋದಾಮು, ಏನೇ ಮಾರಾಟವಾದರೂ ಊರಿನವರು ಅವರ ಹತ್ತಿರವೇ ಕ್ರಯಪತ್ರ ಬರೆಸುತ್ತಿದ್ದರು.

ಕ್ರಯಪತ್ರದಲ್ಲಿ ಚಕ್ಕುಬಂದಿ ಎಂಬ ಭಾಗ ಇರುತ್ತದೆ, ಮಕ್ಕಳೇ. ಮಾರುವ ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ನಾಲ್ಕೇ ಸಾಲು. ಆ ನಾಲ್ಕು ಸಾಲಿಗೆ ಪಂಚಾಕ್ಷರಯ್ಯ ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು. ಕೊಡೆ ಹಿಡಿದು ಜಾಗದ ಸುತ್ತ ತಾವೇ ನಡೆಯುತ್ತಿದ್ದರು. ಪ್ರತಿ ದಿಕ್ಕಿನಲ್ಲೂ ನಿಂತು ಪಕ್ಕದವರನ್ನು ಹೊರಗೆ ಕರೆದು, "ಈ ಜಾಗ ಮಾರಾಟ ಆಗ್ತಾ ಇದೆ. ಇದರಲ್ಲಿ ನಿಮ್ಮದೇನಾದ್ರೂ ಇದೆಯಾ?" ಎಂದು ಕೇಳುತ್ತಿದ್ದರು. ಒಬ್ಬರು ತಮ್ಮ ಬಚ್ಚಲ ನೀರು ಹರಿಯುವ ಕಾಲುವೆ ತೋರಿಸುತ್ತಿದ್ದರು, ಇನ್ನೊಬ್ಬರು ಸೂರಿನ ನೀರು ಬೀಳುವ ಮೊಳದಷ್ಟು ಜಾಗ ತೋರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು ಬಂದ ಮೇಲೆಯೇ ಲೇಖನಿಗೆ ಮಸಿ. ಕೊಳ್ಳುವವರು ಬಿಸಿಲಲ್ಲಿ ಹಿಂದೆ ಹಿಂದೆ ನಡೆದು ಸುಸ್ತಾಗಿ, ಪ್ರದಕ್ಷಿಣೆ ಅಯ್ನೋರು ಎಂದು ಬೆನ್ನ ಹಿಂದೆ ನಗುತ್ತಿದ್ದರು. ಅಯ್ಯನವರು ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ.

ಅವರ ಶಿಷ್ಯ ತಿಪ್ಪೇಶ. ಎಂಟು ವರ್ಷ ಪಕ್ಕದಲ್ಲಿ ಕೂತು ಕೆಲಸ ಕಲಿತ. ಮದುವೆಯಾದ ಮೇಲೆ ರಸ್ತೆಯಾಚೆ ಸ್ವಂತ ಅಂಗಡಿ ಹಾಕಿ ಕಂಪ್ಯೂಟರ್ ಇಟ್ಟ. ಹಳೇ ಪತ್ರ ತಂದುಕೊಟ್ಟರೆ ಸಾಕು, ಅದರಲ್ಲಿದ್ದ ಚಕ್ಕುಬಂದಿಯನ್ನೇ ಹೊಸದಕ್ಕೆ ಇಳಿಸಿ, ಹೆಸರು ಬದಲಿಸಿ, ಚಹಾ ಕುಡಿಯುವಷ್ಟರಲ್ಲಿ ಪತ್ರ ಕೈಗಿಡುತ್ತಿದ್ದ. ಜನವೆಲ್ಲ ಅತ್ತ ತಿರುಗಿತು. ಅಯ್ಯನವರು ಮರದ ಕೆಳಗೆ ಪೇಪರ್ ಓದುತ್ತ ಕೂರುವ ಕಾಲ ಬಂತು. ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ, ಏಕೆಂದರೆ ಹಾಗೆ ತಿರುಗಿದವರಲ್ಲಿ ನಮ್ಮ ಮನೆಯವರೂ ಇದ್ದರು.

ಆ ಸಮಯದಲ್ಲೇ ಸಿಮೆಂಟ್ ವ್ಯಾಪಾರಿ ಚನ್ನವೀರಪ್ಪ ಪೇಟೆ ಬೀದಿಯ ಹಳೇ ಹತ್ತಿ ಗೋದಾಮನ್ನು ಕೊಂಡರು. ಅದನ್ನು ಕೆಡವಿ ಹನ್ನೆರಡು ಮಳಿಗೆಯ ಕಾಂಪ್ಲೆಕ್ಸ್ ಕಟ್ಟಬೇಕೆಂದಿದ್ದರು. ಊರಿಗೆ ಅದೇ ಮೊದಲ ಕಾಂಪ್ಲೆಕ್ಸ್. ಗೋಡೆ ಏಳುವ ಮೊದಲೇ ಬಟ್ಟೆಯವರು, ಔಷಧಿಯವರು, ಪಾತ್ರೆಯವರು ತಮಗೊಂದು ಮಳಿಗೆ ಎಂದು ಹೇಳಿಟ್ಟಿದ್ದರು. ಕ್ರಯಪತ್ರ ಬರೆದವನು ತಿಪ್ಪೇಶ. ನಲವತ್ತು ವರ್ಷದ ಹಳೇ ಪತ್ರದಲ್ಲಿ ಉತ್ತರಕ್ಕೆ ಖಾಲಿ ನಿವೇಶನ ಎಂದಿತ್ತು. ಅವನೂ ಹಾಗೇ ಇಳಿಸಿದ. ಕೊನೆಯಲ್ಲಿ ಸ್ಥಳ ನೋಡಿ ಬರೆದಿದ್ದೇನೆ ಎಂಬ ವಾಡಿಕೆಯ ಸಾಲಿನ ಕೆಳಗೆ ರುಜು ಹಾಕಿದ.

ಆ ಖಾಲಿ ನಿವೇಶನದಲ್ಲಿ ಮೂವತ್ತು ವರ್ಷದಿಂದ ಹಾಲಮ್ಮನ ಹಿಟ್ಟಿನ ಗಿರಣಿ ನಡೆಯುತ್ತಿತ್ತು. ಬೀದಿ ಕಡೆಗೆ ಬೇರೆಯವರ ಅಂಗಡಿಗಳು ಅಡ್ಡ ಇದ್ದವು. ಗೋದಾಮಿನ ಹಳೇ ಮಾಲೀಕರು ತಮ್ಮ ಜಾಗದಲ್ಲೇ ಗೋಡೆ ಪಕ್ಕ ಆರಡಿ ಓಣಿ ಬಿಟ್ಟುಕೊಟ್ಟಿದ್ದರು, ಬರೀ ಬಾಯಿ ಮಾತಿನಲ್ಲಿ. ಗಿರಣಿಗೆ ಅದೊಂದೇ ದಾರಿ. ಊರಿನ ರಾಗಿ, ಜೋಳ, ಗೋಧಿ ಎಲ್ಲ ಆ ಓಣಿಯಲ್ಲಿ ಹೋಗಿ ಹಿಟ್ಟಾಗಿ ಬರುತ್ತಿತ್ತು. ಓಣಿಗೆ ಕಾಲಿಟ್ಟರೆ ಬಿಸಿ ಹಿಟ್ಟಿನ ವಾಸನೆ, ಬೆಲ್ಟಿನ ಟಪಟಪ ಸದ್ದು. ಡಬ್ಬಿ ಸಾಲಿನಲ್ಲಿಟ್ಟು ಹೆಂಗಸರು ಅಲ್ಲೇ ಕಷ್ಟಸುಖ ಮಾತಾಡುತ್ತಿದ್ದರು.

ಪಾಯ ತೋಡುವವರು ಓಣಿಯನ್ನೂ ಸೇರಿಸಿ ತೋಡಿದರು. ಹಾಲಮ್ಮ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಕೆಲಸ ನಿಂತಿತು. ಚನ್ನವೀರಪ್ಪ ತಿಪ್ಪೇಶನನ್ನು ಕರೆಸಿ, ನೀನು ಸ್ಥಳ ನೋಡಿದಾಗ ಅಲ್ಲಿ ದಾರಿ ಇರಲಿಲ್ಲ ಎಂದು ಸಾಕ್ಷಿ ಹೇಳಿಬಿಡು, ಪತ್ರದಲ್ಲೂ ಹಾಗೇ ಇದೆಯಲ್ಲ ಎಂದರು. ತಿಪ್ಪೇಶ ರಾತ್ರಿಯಿಡೀ ಅದನ್ನೇ ಯೋಚಿಸಿದ. ಸುಳ್ಳು ಹೇಳಿದರೆ ಹಾಲಮ್ಮನ ಗಿರಣಿ ಮುಚ್ಚುತ್ತದೆ. ನೋಡದೆ ಬರೆದೆ ಎಂದು ಒಪ್ಪಿಕೊಂಡರೆ ಅವನ ಅಂಗಡಿ ಮುಚ್ಚುತ್ತದೆ.

ಬೆಳಿಗ್ಗೆ ಹುಣಸೆ ಮರದ ಹತ್ತಿರ ಹೋಗಿ ಎಲ್ಲ ಹೇಳಿಕೊಂಡ. ಅಯ್ಯನವರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಕೊಡೆ ತೆಗೆದುಕೊಂಡು, "ಬಾ, ಒಂದು ಸುತ್ತು ಹಾಕಿ ಬರೋಣ" ಎಂದರು.

ಪೂರ್ವ, ದಕ್ಷಿಣ, ಪಶ್ಚಿಮ ಮುಗಿಸಿ ಉತ್ತರಕ್ಕೆ ಬಂದರು. ಪಾಯದ ಗುಂಡಿಯ ಮೇಲೆ ಹಾಲಮ್ಮ ಒಂದು ಹಲಗೆ ಹಾಕಿಸಿದ್ದರು. ಮುದುಕಿಯೊಬ್ಬಳು ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕಿಟ್ಟು, ಒಂದೊಂದೇ ಹೆಜ್ಜೆಯಾಗಿ ಅದನ್ನು ದಾಟುತ್ತಿದ್ದಳು. ಅಯ್ಯನವರು ಅವಳು ದಾಟುವವರೆಗೂ ಕಾದು, ಹಾಲಮ್ಮನನ್ನು ಹೊರಗೆ ಕರೆದು, ಎಂದಿನ ದನಿಯಲ್ಲಿ ಎಂದಿನ ಪ್ರಶ್ನೆ ಕೇಳಿದರು.

"ಜಾಗ ನಂದಲ್ಲ ಅಯ್ನೋರೆ. ದಾರಿ ನಂದು," ಎಂದರು ಹಾಲಮ್ಮ. ಆಮೇಲೆ ಶಿಷ್ಯನ ಕಡೆ ತಿರುಗಿದರು. "ತಿಪ್ಪೇಶಪ್ಪ, ನಿಮ್ಮವ್ವ ವಾರ ವಾರ ನಿನ್ನ ಕೈಲಿ ರಾಗಿ ಡಬ್ಬಿ ಕೊಟ್ಟು ಕಳಿಸ್ತಿದ್ಲು. ನೀನು ಯಾವ ಕಡೆಯಿಂದ ಬರ್ತಿದ್ದೆ?"

ಕ್ರಯಪತ್ರ ಬರೆಯುವ ಹಿಂದಿನ ಭಾನುವಾರವೂ ತಿಪ್ಪೇಶ ಅದೇ ಓಣಿಯಲ್ಲಿ ಹೋಗಿ ಹಿಟ್ಟು ತಂದಿದ್ದ. ಕಾಲಿಗೆ ಗೊತ್ತಿದ್ದ ದಾರಿಯನ್ನು ಅವನ ಕೈ ಇಲ್ಲ ಎಂದು ಬರೆದಿತ್ತು.

ಅಲ್ಲಿಂದ ನೇರ ಚನ್ನವೀರಪ್ಪನವರ ಹತ್ತಿರ ಹೋಗಿ, "ಸಾವ್ಕಾರ್ರೆ, ನಾನು ಜಾಗ ನೋಡದೆ ಬರೆದೆ. ಕೋರ್ಟಲ್ಲೂ ಹಾಗೇ ಹೇಳ್ತೀನಿ" ಎಂದ. ಅವರು ಕೆಂಡಾಮಂಡಲವಾದರು. ಎರಡು ದಿನ ಅವನ ಮುಖ ನೋಡಲಿಲ್ಲ. ಮೂರನೇ ದಿನ ಅವರ ವಕೀಲರೇ ತಿಳಿಹೇಳಿದರು. ಇರುವುದೇ ಒಂದು ದಾರಿ, ಮೂವತ್ತು ವರ್ಷ ಓಡಾಡಿದ್ದಾರೆ, ಅದನ್ನು ಕೋರ್ಟು ಮುಚ್ಚಿಸಲಿಕ್ಕಿಲ್ಲ. ಕೇಸು ಎಳೆದಾಡಿದರೆ ಕಟ್ಟಡಕ್ಕೆ ತಂದಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮಳಿಗೆ ಕೇಳಿದವರು ಬಸ್ ಸ್ಟ್ಯಾಂಡ್ ಕಡೆ ಹೋಗುತ್ತಾರೆ. ಚನ್ನವೀರಪ್ಪ ಗೊಣಗುತ್ತಲೇ ರಾಜಿಗೆ ಒಪ್ಪಿದರು. ತಿಪ್ಪೇಶ ತಿದ್ದುಪಡಿ ಪತ್ರವನ್ನು ಕೈಯಲ್ಲೇ ಬರೆದ. ಉತ್ತರಕ್ಕೆ, ಹಾಲಮ್ಮನವರ ಗಿರಣಿಗೆ ಹೋಗುವ ಆರಡಿ ದಾರಿ. ಬರೆಯುವ ಮೊದಲು ನಾಲ್ಕೂ ದಿಕ್ಕು ಮತ್ತೆ ನಡೆದು ಬಂದಿದ್ದ.

ಕಾಂಪ್ಲೆಕ್ಸ್ ಹನ್ನೊಂದು ಮಳಿಗೆಗೆ ನಿಂತಿತು. ಗಿರಣಿಗೆ ಬಂದವರೆಲ್ಲ ಓಣಿಯ ಮೂಲೆ ಮಳಿಗೆಯನ್ನು ದಾಟಿಯೇ ಹೋಗಬೇಕು, ಹಾಗಾಗಿ ಅದೊಂದು ಯಾವತ್ತೂ ಖಾಲಿ ಬಿದ್ದಿಲ್ಲ. ತಿಪ್ಪೇಶನ ಅಂಗಡಿ ಮಾತ್ರ ಐದಾರು ತಿಂಗಳು ಬಿಕೋ ಎಂದಿತು. ಆಗ ಅವನು ಮರದ ಕೆಳಗೆ ಅಯ್ಯನವರ ಪಕ್ಕ ಕೂತು ಪೇಪರ್ ಓದುತ್ತಿದ್ದ. ತಪ್ಪು ಒಪ್ಪಿಕೊಂಡವನು ಇನ್ನು ನೋಡದೆ ಬರೆಯುವುದಿಲ್ಲ ಎಂದು ಜನ ಒಬ್ಬೊಬ್ಬರಾಗಿ ವಾಪಸ್ ಬಂದರು.

ಈಗ ಅಯ್ಯನವರಿಲ್ಲ. ರಸ್ತೆ ಅಗಲ ಮಾಡುವಾಗ ಹುಣಸೆ ಮರವೂ ಹೋಯಿತು. ಮೊನ್ನೆ ನಮ್ಮ ಪಕ್ಕದ ನಿವೇಶನ ಮಾರಾಟಕ್ಕೆ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ತಲೆ ನರೆತ ತಿಪ್ಪೇಶ, ಕೈಯಲ್ಲಿ ಅದೇ ಕಪ್ಪು ಕೊಡೆ.

"ಇದರಲ್ಲಿ ನಿಮ್ಮದೇನಾದ್ರೂ ಇದೆಯಾ?" ಎಂದು ಕೇಳಿದ.

ನನ್ನದೇನೂ ಇರಲಿಲ್ಲ. ಆದರೂ ಹಾಗೆ ಕೇಳುವವರು ಇನ್ನೂ ಒಬ್ಬರಿದ್ದಾರಲ್ಲ ಎಂದು ಅವನನ್ನು ಒಳಗೆ ಕರೆದು ಕೂರಿಸಿ ಮಜ್ಜಿಗೆ ಕೊಟ್ಟೆ.

ನೀತಿ: ಕಣ್ಣಾರೆ ನೋಡದ್ದಕ್ಕೆ ರುಜು ಹಾಕಬೇಡಿ. ಕೊಳ್ಳುವ ಮೊದಲು, ಕಟ್ಟುವ ಮೊದಲು ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ. ತಪ್ಪಾಗಿದ್ದರೆ ಗೋಡೆ ಏಳುವ ಮೊದಲೇ ಒಪ್ಪಿಕೊಳ್ಳಿ.