ಉರಿಗೆ ಒತ್ತುವ ಗುಂಡಿ

“ಗುರುಗಳೇ, ಒಬ್ಬರು ನೋವು ಅನ್ನುತ್ತಾರೆ. ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ ಎಂದು ಬರುತ್ತದೆ. ಯಾವುದನ್ನು ನಂಬಬೇಕು?” ಎಂದು ಶಿಷ್ಯ ಕೇಳಿದ.

ಕೇಳುವ ಮೊದಲು ಅವನು ಗುರುಗಳ ಮುಂದೆ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದ. ಅದರಲ್ಲಿ ಒಬ್ಬಟ್ಟಿತ್ತು. ಮನೆಯಲ್ಲಿ ಮಾಡಿದ್ದು, ಇನ್ನೂ ಬಿಸಿ.

“ಒಬ್ಬರು ಅಂದರೆ ಯಾರಪ್ಪ?”

“ಯಾರೋ ಒಬ್ಬರು.”

ಗುರುಗಳು ಬೆಳಗಿನಿಂದ ಪ್ರಶ್ನೆ ಕೇಳಿ ಕೇಳಿ ದಣಿದಿದ್ದರು. ಆಶ್ರಮಕ್ಕೆ ಬರುವ ಹೆಚ್ಚಿನವರು ಯಾರೋ ಒಬ್ಬರ ಪರವಾಗಿಯೇ ಬರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಪಾತ್ರೆ ಅಂಗಡಿಯವನು. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಇಷ್ಟಿದ್ದರೆ ನಮ್ಮಲ್ಲಿ ಒಳ್ಳೆಯ ಗಂಡ ಅನ್ನುತ್ತಾರೆ. ಅವನೂ ಹಾಗೆಯೇ ಅಂದುಕೊಂಡಿದ್ದ.

ಅವನ ಹೆಂಡತಿಗೆ ಎದೆಯುರಿ. ಹೊಟ್ಟೆಯ ಹುಳಿ ಗಂಟಲ ತನಕ ಬರುತ್ತಿತ್ತು. ಮಲಗಿದರೆ ಎದ್ದು ಕೂರುತ್ತಿದ್ದಳು. ಕೂತರೆ ಎದೆಯ ನಡುವೆ ಕೆಂಡ ಇಟ್ಟ ಹಾಗಾಗುತ್ತಿತ್ತು. ವರ್ತಕ ಅವಳನ್ನು ವೈದ್ಯರ ಬಳಿಗೆ ಕರೆದೊಯ್ದ. ಹೃದಯ ನೋಡಿದರು, ಸರಿಯಿತ್ತು. ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿದರು, ಅದೂ ಸರಿಯಿತ್ತು. ಪ್ರತಿಯೊಬ್ಬ ವೈದ್ಯರೂ ಒಂದೇ ಮಾತು ಹೇಳಿದರು: “ಹೊತ್ತಿಗೆ ಸರಿಯಾಗಿ ಊಟ ಮಾಡಿ, ಖಾರ ಕಡಿಮೆ ಮಾಡಿ, ಉಂಡ ಕೂಡಲೇ ಮಲಗಬೇಡಿ.” ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ನಿಂತ ವರ್ತಕನೂ ತಲೆಯಾಡಿಸಿದ. ಮನೆಗೆ ಬಂದರು.

ಆ ಮನೆಯಲ್ಲಿ ಮೊದಲು ಮಕ್ಕಳು ಉಣ್ಣುತ್ತಿದ್ದರು. ಆಮೇಲೆ ಅತ್ತೆ. ವರ್ತಕ ಅಂಗಡಿ ಮುಚ್ಚಿ ಬಂದ ಮೇಲೆ ಅವನು. ಅವನೂ ಕೈ ತೊಳೆದ ಮೇಲೆ ಅವಳು. ಹೀಗೆ ಎಂದು ಯಾರೂ ನಿಯಮ ಮಾಡಿರಲಿಲ್ಲ. ಬಾಯಿಬಿಟ್ಟು ಹೇಳಿದ ನಿಯಮವಾಗಿದ್ದರೆ ಯಾರಾದರೂ ಜಗಳವಾಡಬಹುದಿತ್ತು. ಅವಳ ಸರದಿ ಬರುವಾಗ ಅನ್ನ ಆರಿರುತ್ತಿತ್ತು. ಮಜ್ಜಿಗೆ ಮುಗಿದಿರುತ್ತಿತ್ತು. ಹುಳಿಯ ಪಾತ್ರೆಯ ತಳದಲ್ಲಿ ಖಾರ ಮಾತ್ರ ನಿಂತಿರುತ್ತಿತ್ತು. ಚೆಲ್ಲಲು ಮನಸ್ಸಾಗದೆ ಬೆಳಗಿನದನ್ನೂ ಅದಕ್ಕೇ ಕಲಸಿ, ಒಲೆಯ ಬದಿಯಲ್ಲಿ ನಿಂತೇ ತಿನ್ನುತ್ತಿದ್ದಳು. ಪಾತ್ರೆ ತೊಳೆದು, ಕಟ್ಟೆ ಒರೆಸಿ, ಹಾಸಿಗೆಗೆ ಬೀಳುತ್ತಿದ್ದಳು. ಪಾತ್ರೆ ವ್ಯಾಪಾರಿಯ ಮನೆಯಲ್ಲಿ ತೊಳೆಯುವ ಪಾತ್ರೆಗೆ ಕೊರತೆಯೇ?

ವರದಿಗಳೆಲ್ಲ ಸರಿಯಿದ್ದುದರಿಂದ ಮನೆಯವರಿಗೆ ನಂಬಿಕೆ ಹೋಯಿತು. ಅವಳು ಎದೆ ಹಿಡಿದುಕೊಂಡರೆ ಅತ್ತೆ, “ಶುರುವಾಯ್ತಾ? ಹಪ್ಪಳಕ್ಕೆ ಹಿಟ್ಟು ಕುಟ್ಟೋ ದಿನವೇ ನಿನಗೆ ಉರಿ ಬರತ್ತೆ ನೋಡು” ಎನ್ನುತ್ತಿದ್ದಳು. ಬರಬರುತ್ತಾ ಹೆಂಡತಿಗೇ ಅನುಮಾನ ಬಂತು. ನಿಜವಾಗಿಯೂ ಉರಿಯುತ್ತಿದೆಯೇ, ನಾನೇ ಉರಿಸಿಕೊಳ್ಳುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು.

ಕೊನೆಗೆ ಒಬ್ಬ ವೈದ್ಯೆ ಹೊಸ ಪರೀಕ್ಷೆಯೊಂದನ್ನು ಹೇಳಿದಳು. ಗುಳಿಗೆಯಷ್ಟು ಚಿಕ್ಕ ಯಂತ್ರ. ಅದನ್ನು ಅನ್ನನಾಳದ ಒಳಗೋಡೆಗೆ ಅಂಟಿಸಿ ಬಿಡುತ್ತಾರೆ. ಹುಳಿ ಮೇಲೆ ಬಂದಾಗಲೆಲ್ಲ ಅದು ತಂತಿಯಿಲ್ಲದೆಯೇ ಸುದ್ದಿ ಕಳಿಸುತ್ತದೆ. ಸೊಂಟಕ್ಕೆ ಕಟ್ಟಿದ ಪುಟ್ಟ ಪೆಟ್ಟಿಗೆ ಆ ಸುದ್ದಿಯನ್ನು ಹಿಡಿದಿಡುತ್ತದೆ. ಪೆಟ್ಟಿಗೆಯಲ್ಲಿ ಮೂರು ಗುಂಡಿ. ಉಣ್ಣುವಾಗ ಒಂದನ್ನು ಒತ್ತಬೇಕು. ಮಲಗುವಾಗ ಇನ್ನೊಂದನ್ನು. ಉರಿ ಬಂದಾಗ ಮತ್ತೊಂದನ್ನು. ಎರಡು ದಿನ ಪೆಟ್ಟಿಗೆ ಮೈಮೇಲಿರಬೇಕು. ಒಳಗಿನ ಗುಳಿಗೆ ಆಮೇಲೆ ತಾನಾಗಿಯೇ ಕಳಚಿ ಹೋಗುತ್ತದೆ.

“ಒಂದು ವಾರ ಉರಿಯ ಮಾತ್ರೆ ನಿಲ್ಲಿಸಿ ಬನ್ನಿ” ಎಂದಳು ವೈದ್ಯೆ. “ಯಂತ್ರ ಇಟ್ಟ ಮೇಲೆ ಪಥ್ಯ ಗಿಥ್ಯ ಮಾಡ್ಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ. ಇಲ್ಲದಿದ್ರೆ ಇದು ನಿಮ್ಮ ಕಾಯಿಲೆ ಹಿಡಿಯಲ್ಲ.”

ಹೊರಗೆ ಬಂದ ಮೇಲೆ ವರ್ತಕ ಹೆಂಡತಿಗೆ ಹೇಳಿದ: “ನೋಡು, ಇದೇ ಕೊನೆ. ಇದರಲ್ಲೂ ಏನೂ ಬರಲಿಲ್ಲ ಅಂದ್ರೆ ಇನ್ನು ಎದೆಯುರಿ ಅನ್ನೋ ಮಾತು ಮನೇಲಿ ಎತ್ತಬಾರದು.”

“ಆಯ್ತು” ಎಂದಳು ಹೆಂಡತಿ. ಮಾತ್ರೆಯಿಲ್ಲದ ಆ ಒಂದು ವಾರ ಉರಿಯನ್ನು ಹಲ್ಲು ಕಚ್ಚಿ ಸಹಿಸಿದಳು. ಬೇಸರವಾಗಲಿಲ್ಲ. ಇಷ್ಟು ಉರಿದರೆ ಯಂತ್ರಕ್ಕೆ ಕಾಣದೆ ಇರುತ್ತದೆಯೇ ಎಂಬ ಧೈರ್ಯವಿತ್ತು.

ಯಂತ್ರ ಇಟ್ಟರು. ಅವಳು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದಳು. ಅತ್ತೆ ಪೆಟ್ಟಿಗೆಯನ್ನು ಸುತ್ತಲೂ ನೋಡಿದಳು. ಗುಂಡಿಗಳ ವಿಷಯ ಕೇಳಿ ತಿಳಿದುಕೊಂಡಳು. ಅವಳ ಮುಖ ಸಣ್ಣದಾಯಿತು.

“ಅಂದ್ರೆ ನೀನು ಯಾವಾಗ ಉಂಡೆ ಅಂತ ಡಾಕ್ಟ್ರಿಗೆ ಗೊತ್ತಾಗತ್ತಾ?”

“ಗೊತ್ತಾಗತ್ತೆ ಅತ್ತೆ.”

“ಅಯ್ಯೋ, ರಾತ್ರಿ ಅಷ್ಟು ಹೊತ್ತಿಗೆ ಗುಂಡಿ ಒತ್ತಿದ್ರೆ ಆಯಮ್ಮ ಏನಂದುಕೊಳ್ತಾಳೆ? ಈ ಮನೇಲಿ ಸೊಸೆಗೆ ಹೊತ್ತಿಗೆ ಒಂದು ತುತ್ತು ಹಾಕಲ್ಲ ಅನ್ನಲ್ವಾ? ಏಳು, ತಟ್ಟೆ ಹಾಕ್ಕೋ.”

“ದಿನದ ಹಾಗೇ ಇರಬೇಕಂತೆ ಅತ್ತೆ.”

“ದಿನದ ಹಾಗೇ ಇರು, ಯಾರು ಬೇಡ ಅಂದೋರು? ಉಂಡು ಇರು.”

ಹೆಣ್ಣು ನೋಡಲು ಬರುವವರಿದ್ದಾಗ ಮನೆಯವರು ಹರಿದ ಚಾಪೆಯನ್ನು ಸುತ್ತಿ ಒಳಗಿಡುತ್ತಾರಲ್ಲ, ಹಾಗಾಯಿತು. ಅತ್ತೆಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಮನೆಗೆ ಒಬ್ಬ ಅತಿಥಿ ಬಂದಿದ್ದ, ಅಷ್ಟೇ. ಆ ಅತಿಥಿ ಸೊಸೆಯ ಅನ್ನನಾಳದಲ್ಲಿ ಕೂತಿದ್ದ.

ಅತ್ತೆ ಸೊಸೆಯನ್ನು ಸಂಜೆಯೇ ಕೂರಿಸಿ ಬಡಿಸಿದಳು. ಹಬೆಯಾಡುವ ಅನ್ನ, ತಿಳಿಸಾರು, ಮೇಲೆ ತುಪ್ಪ. ಮಜ್ಜಿಗೆ ಇನ್ನೂ ಚೆಂಬಿನ ತುಂಬ ಇತ್ತು. ವರ್ತಕ ಬಂದಾಗ ಅವನಿಗೂ ಅತ್ತೆಯೇ ಬಡಿಸಿದಳು. ತಟ್ಟೆ ಎಂದಿನಂತೆ ಬಿಸಿಯಾಗಿ ಬಂತು. ಬಡಿಸಿದ ಕೈ ಯಾರದು ಎಂದು ಅವನು ತಲೆಯೆತ್ತಿ ನೋಡಲಿಲ್ಲ.

ಅಂದು ಅವಳಿಗೆ ಉರಿ ಬರಲಿಲ್ಲ.

ಮರುದಿನವೂ ಬರಲಿಲ್ಲ. ಮಧ್ಯಾಹ್ನ ಅವಳು ಹೆಬ್ಬೆರಳನ್ನು ಉರಿಯ ಗುಂಡಿಯ ಮೇಲಿಟ್ಟು ಕಾದು ಕೂತಳು. ವರ್ಷಗಟ್ಟಲೆ ಹೋಗು ಎಂದರೂ ಹೋಗದಿದ್ದ ಉರಿಯನ್ನು ಈಗ ಬಾ ಎಂದು ಕರೆದಳು. ಅದು ಬರಲಿಲ್ಲ. ಸುಮ್ಮನೆ ಗುಂಡಿ ಒತ್ತಿಬಿಡೋಣ ಅನ್ನಿಸಿತು. ಒತ್ತಲಿಲ್ಲ. ಸುಳ್ಳಿ ಎಂದು ಅನ್ನಿಸಿಕೊಂಡೇ ಸಾಕಾಗಿತ್ತು, ಅದನ್ನು ನಿಜ ಮಾಡಲು ಅವಳಿಗೆ ಮನಸ್ಸಿರಲಿಲ್ಲ.

ಉರಿ ಎಲ್ಲಿ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಬೆಳಗಿನ ಹುಳಿ ಇತ್ತು. ಎಲ್ಲರೂ ಉಣ್ಣುವ ತನಕ ಕಾದು, ಅದನ್ನು ನಿಂತು ತಿಂದು ಮಲಗಿದ್ದರೆ ಸಾಕಿತ್ತು. ಸಾಕ್ಷಿ ಸಿಗುತ್ತಿತ್ತು. ಅವಳು ಹುಳಿಯ ಪಾತ್ರೆಯ ಮುಚ್ಚಳವನ್ನೂ ತೆಗೆದಳು. ಆಗ ಅತ್ತೆ ನಡುಮನೆಯಿಂದ ಕೂಗಿದಳು: “ಬಾರೇ, ಬಡಿಸಿದೀನಿ. ಆರಿಹೋಗತ್ತೆ.”

ಆರಿಹೋಗತ್ತೆ ಎಂದು ಆ ಮನೆಯಲ್ಲಿ ಅವಳಿಗೆ ಯಾರೂ ಅಂದಿರಲಿಲ್ಲ. ಆ ಮಾತನ್ನು ದಿನಾ ಅವಳೇ ಅನ್ನುತ್ತಿದ್ದಳು. ಅವಳು ಮುಚ್ಚಳ ಮುಚ್ಚಿ ಹೋಗಿ ಕೂತಳು. ಬಿಸಿ ಅನ್ನದ ಮುಂದೆ ಕೂತ ಮೇಲೆ ಸಾಕ್ಷಿ ಬೇಕು ಅನ್ನಿಸಲಿಲ್ಲ. ಗುಂಡಿ ಒತ್ತಿ ಉಂಡಳು.

ಗುರುಗಳು ಒಂದು ಗುಟುಕು ನೀರು ಕುಡಿದರು. ಶಿಷ್ಯ ಕಾದ.

ಪೆಟ್ಟಿಗೆಯನ್ನು ಹಿಂದಿರುಗಿಸಿದರು. ವೈದ್ಯೆ ವರದಿ ನೋಡಿದಳು. “ಹುಳಿ ಮೇಲೆ ಬಂದ ಗುರುತೇ ಇಲ್ಲ. ಚೆನ್ನಾಗಿದೆ. ದಿನದ ಹಾಗೇ ಇದ್ರಿ ತಾನೇ?”

“ದಿನದ ಹಾಗೇ ಡಾಕ್ಟ್ರೇ” ಎಂದ ವರ್ತಕ, ಹೆಂಡತಿ ಬಾಯಿ ತೆರೆಯುವ ಮೊದಲೇ.

ಅವನು ಸುಳ್ಳು ಹೇಳಲಿಲ್ಲ. ಅವನ ಮಟ್ಟಿಗೆ ಎರಡು ದಿನವೂ ಎಂದಿನ ಹಾಗೆಯೇ ಇದ್ದವು. ವೈದ್ಯೆ ಹೆಂಡತಿಯ ಮುಖ ನೋಡಿದಳು. ಹೆಂಡತಿ ಗಂಡನ ಮುಖ ನೋಡಿದಳು. ಅತ್ತೆ ಎರಡು ದಿನ ಬಿಸಿಯಾಗಿ ಬಡಿಸಿದಳು ಎಂದು ಹೇಳಬೇಕಾದರೆ ಉಳಿದ ವರ್ಷಗಳನ್ನೆಲ್ಲ ಹೇಳಬೇಕಾಗುತ್ತಿತ್ತು. ಹೊರಗೆ ಇನ್ನೂ ಬಹಳ ರೋಗಿಗಳು ಕಾಯುತ್ತಿದ್ದರು. ಅವಳು ತಲೆಯಾಡಿಸಿದಳು.

“ಹಾಗಾದ್ರೆ ಮನಸ್ಸಿಂದೇ ಇರಬೇಕು” ಎಂದಳು ವೈದ್ಯೆ.

ಮನೆಯಲ್ಲಿ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. “ಸದ್ಯ, ಏನೂ ಇಲ್ವಲ್ಲ. ಹೋಗು, ಹುಳಿ ಬಿಸಿ ಮಾಡು. ಅವನು ಬರೋ ಹೊತ್ತಾಯ್ತು” ಎಂದಳು. ಅತಿಥಿ ಹೋಗಿದ್ದ. ಹರಿದ ಚಾಪೆಯನ್ನು ಮತ್ತೆ ಹಾಸಿದರು.

ಮಕ್ಕಳು ಉಂಡರು. ಅತ್ತೆ ಉಂಡಳು. ವರ್ತಕ ಉಂಡ. ಅವಳು ಒಲೆಯ ಬದಿಯಲ್ಲಿ ನಿಂತು ಉಳಿದದ್ದನ್ನು ಕಲಸಿ ತಿಂದು, ಪಾತ್ರೆ ತೊಳೆದು, ಹಾಸಿಗೆಯಲ್ಲಿ ಒರಗಿದಳು. ಉರಿ ಬಂತು. ಎಲ್ಲಿಗೂ ಹೋಗಿರಲಿಲ್ಲ ಎಂಬಂತೆ ಬಂತು. ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲಿ ಪೆಟ್ಟಿಗೆ ಇರಲಿಲ್ಲ. ಆದರೂ ಗುಂಡಿ ಇದ್ದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು.

ಮಾತು ಎತ್ತುವುದಿಲ್ಲ ಎಂದು ಒಪ್ಪಿಕೊಂಡಿದ್ದಳು. ಎತ್ತಲಿಲ್ಲ.

ಕತೆ ಮುಗಿಯಿತು. ಶಿಷ್ಯ ಯೋಚಿಸಿ ಕೇಳಿದ: “ಹಾಗಾದರೆ ಯಂತ್ರ ಸುಳ್ಳು ಹೇಳಿತೇ ಗುರುಗಳೇ?”

“ಇಲ್ಲ. ಕಂಡದ್ದನ್ನೇ ಹೇಳಿತು.”

“ವೈದ್ಯೆಯ ತಪ್ಪೇ?”

“ಅವಳು ಕೇಳಿದಳು. ಬೇರೆಯವರು ಉತ್ತರ ಕೊಟ್ಟರು.”

“ಮತ್ತೆ ಯಾವುದನ್ನು ನಂಬಬೇಕು?”

ಗುರುಗಳು ಪಕ್ಕಕ್ಕೆ ಸರಿಸಿದ್ದ ಡಬ್ಬಿಯನ್ನು ಎಳೆದುಕೊಂಡು ಮುಚ್ಚಳ ತೆಗೆದರು. ಒಬ್ಬಟ್ಟು ಒಂದರ ಮೇಲೊಂದು ಅಂದವಾಗಿ ಜೋಡಿಸಲಾಗಿತ್ತು. ತುಪ್ಪ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಶಿಷ್ಯ ಸಂಕೋಚದಿಂದ, “ಬಿಸಿಯಿರುವಾಗಲೇ ತೆಗೆದುಕೊಳ್ಳಬೇಕು ಗುರುಗಳೇ, ಆರಿದರೆ ರುಚಿಯಿರುವುದಿಲ್ಲ” ಎಂದ.

ಗುರುಗಳು ಡಬ್ಬಿಯ ಅಡಿಗೆ ಅಂಗೈ ಇಟ್ಟು ಶಾಖ ನೋಡಿ, ಅವನ ಮುಖ ನೋಡಿದರು.

“ಇದನ್ನು ಮಾಡಿದವಳು ಉಂಡಳೇನಪ್ಪ?”