ಮಸೀದಿಯ ಓರೆ ಗೆರೆ

"ಹಜರತ್, ಮಾಡಿದ ತಪ್ಪಿಗೆ ದೇವರ ಮುಂದೆ ಅತ್ತಿದ್ದೇನೆ. ಅದನ್ನು ಮನುಷ್ಯರ ಮುಂದೆಯೂ ಹೇಳಲೇಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ. ಯಾವ ತಪ್ಪೆಂದು ಗುರುಗಳು ಕೇಳಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಹಳೆಯ ಮಸೀದಿ ಸಾಲದಾಯಿತು. ಶುಕ್ರವಾರ ಅರ್ಧ ಜನ ಬೀದಿಯಲ್ಲೇ ನಮಾಜು ಮಾಡುತ್ತಿದ್ದರು. ಹೊಸದನ್ನು ಕಟ್ಟುವಾಗ ಒಳಗೆ ಒಂದು ಕಂಬವೂ ಬೇಡವೆಂದರು; ಕಂಬದ ಮರೆಗೆ ಯಾರೂ ಬೀಳಬಾರದು. ಕಾಂಕ್ರೀಟಿನ ಒಂದೇ ಮಾಡು, ಡೇರೆಯ ಹಾಗೆ, ನಾಲ್ಕು ಮೂಲೆಯಲ್ಲಿ ನೆಲಕ್ಕಿಳಿಯಬೇಕು. ಕೆಲಸ ಕಟ್ಟಡ ಕಟ್ಟುವುದರಲ್ಲಿ ನುರಿತ ಒಬ್ಬ ಉಸ್ತಾದರ ಕೈಗೆ ಬಂತು. ಅವರ ಬಳಿ ಪಳಗಿದ ಮೇಸ್ತ್ರಿಯೊಬ್ಬನಿದ್ದ. ತಂದೆಯಿಲ್ಲದ ಅವನಿಗೆ ಕರಣೆ ಹಿಡಿಯಲು ಕಲಿಸಿದವರು ಅವರೇ.

ನಮಾಜಿಗೆ ನಿಂತವರು ಮುಖ ಮಾಡುವ ಮುಂಗೋಡೆ ಮಕ್ಕಾದ ಕಡೆಗೇ ಇರಬೇಕು. ಆ ದಿಕ್ಕನ್ನು ಅಳೆದು ಉಸ್ತಾದರು ಎರಡು ಗೂಟ ನೆಟ್ಟು ದಾರ ಬಿಗಿದರು. ಮರುದಿನ ಬೆಳಿಗ್ಗೆ ಮೇಸ್ತ್ರಿ ಒಂದು ಗೂಟವನ್ನು ಎಡವಿ ಕಿತ್ತುಬಿಟ್ಟ. ಪಾಯ ಹಾಕಲು ಊರಿನ ಹಿರಿಯರೆಲ್ಲ ಬಂದು ನಿಂತಿದ್ದರು. ಅವರೆದುರು ಬೈಸಿಕೊಳ್ಳುವುದು ಯಾರಿಗೆ ಬೇಕು? ಅಂದಾಜಿನಲ್ಲೇ ಗೂಟ ನೆಟ್ಟ. ತಾವು ನೆಟ್ಟ ಗೂಟವನ್ನು ಉಸ್ತಾದರು ಎರಡನೇ ಸಲ ಅಳೆಯುವವರಲ್ಲ.

ಸಂಜೆ ಹೇಳಿದರಾಯಿತು ಎಂದುಕೊಂಡ. ಸಂಜೆಯ ಹೊತ್ತಿಗೆ ಪಾಯ ತುಂಬಿತ್ತು. ಗೋಡೆ ಎದ್ದಿತು, ಮಾಡು ಬಂತು, ಕಟ್ಟಿ ಮುಗಿಸಲು ಹನ್ನೆರಡು ವರ್ಷ ಹಿಡಿಯಿತು. ದೂರದೂರದಿಂದ ಬಂದವರು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

ನಮಾಜು ಶುರುವಾಗಿ ಮೂರು ವರ್ಷವಾದ ಮೇಲೆ, ದಿಕ್ಕು ಬಲ್ಲವರೊಬ್ಬರು ಅಳೆದು ನೋಡಿದರು. ಗೋಡೆ ಓರೆಯಾಗಿತ್ತು. ಕೆಡವುವ ಹಾಗಿರಲಿಲ್ಲ. ಒಳಗೂ ಅಂಗಳದಲ್ಲೂ, ಗೋಡೆಗೆ ಓರೆಯಾಗಿ, ನೆಲದ ಮೇಲೆ ಬಿಳಿ ಗೆರೆ ಎಳೆದರು. ಗೆರೆಯ ಮೇಲೆ ಸಾಲು ನಿಂತರೆ ಮುಖ ಮಕ್ಕಾದ ಕಡೆಗಿರುತ್ತಿತ್ತು. ಜನರ ನಮಾಜು ನೆಟ್ಟಗಾಯಿತು. ಉಸ್ತಾದರು ಮಾತ್ರ ಹಾಸಿಗೆ ಹಿಡಿದರು.

ಮೇಸ್ತ್ರಿ ನೋಡಲು ಹೋದ.

"ಅಳತೆ ನಂದೇ ಅಲ್ವೇನಪ್ಪಾ," ಎಂದರು ಉಸ್ತಾದರು. "ಮೂರು ವರ್ಷ ಇಷ್ಟು ಜನರ ಮುಖ ತಿರುಗಿಸಿಬಿಟ್ಟೆ. ಅಲ್ಲಾಹನ ಮುಂದೆ ನಿಂತು ಏನಂತ ಹೇಳ್ಲಿ?"

"ಈಗ ಮಲಗಿ, ಉಸ್ತಾದ್. ನಾಳೆ ಮಾತಾಡೋಣ," ಎಂದ ಮೇಸ್ತ್ರಿ. ಮಾತು ಗಂಟಲಿನವರೆಗೆ ಬಂದಿತ್ತು. ಹೇಡಿ, ನುಂಗಿಕೊಂಡ. ಮರುದಿನ ಉಸ್ತಾದರು ಇರಲಿಲ್ಲ.

ಮಣ್ಣು ಮಾಡುವ ಮುಂಚಿನ ಜನಾಜಾ ನಮಾಜಿಗೆ ಜನ ಅಂಗಳದ ಓರೆ ಗೆರೆಗಳ ಮೇಲೆ ನಿಂತರು. ಮೇಸ್ತ್ರಿ ಮುಂದೆ ಬಂದು ಗೋಳಾಡಿದ. ಗೂಟ ಕಿತ್ತವನು ತಾನು, ಉಸ್ತಾದರ ಅಳತೆ ತಪ್ಪಿರಲಿಲ್ಲ ಎಂದ. ಹಿರಿಯರು ಅವನ ಹೆಗಲು ಹಿಡಿದರು. ಸತ್ತ ಗುರುವಿನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ, ಇಂಥ ಶಿಷ್ಯ ಯಾರಿಗೆ ಸಿಗುತ್ತಾನೆ ಎಂದು ಕಣ್ಣೊರೆಸಿಕೊಂಡರು. ಎಷ್ಟು ಆಣೆ ಹಾಕಿದರೂ ಒಬ್ಬರೂ ನಂಬಲಿಲ್ಲ. ಬದುಕಿದ್ದಷ್ಟು ದಿನ ಅವನು ಐದು ಹೊತ್ತೂ ಆ ಗೆರೆಯ ಮೇಲೆ ನಿಂತ. ಊರು ಅವನನ್ನು ಹೊಗಳುತ್ತಲೇ ಇತ್ತು.

ಗುರುಗಳ ಕತೆ ಅಲ್ಲಿಗೆ ಮುಗಿಯಿತು.

"ದೇವರು ಅವನನ್ನು ಕ್ಷಮಿಸಿದನೇ, ಹಜರತ್?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಅದು ದೇವರಿಗೆ ಗೊತ್ತು. ನೀನು ಯಾರಿಗೆ ಹೇಳಬೇಕೋ ಅವರು ಇನ್ನೂ ಬದುಕಿದ್ದಾರೇನಪ್ಪಾ?"